ಬೇರಿನ ಗಂಟಿನ ಕೆಂಪು

ಭಾನುವಾರ ಬೆಳಿಗ್ಗೆ ಏಳಕ್ಕೆ ಕೊರಟಗೆರೆಯಲ್ಲಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದೆ, ಸೊನ್ನೆ ರೂಪಾಯಿ ಟಿಕೆಟ್ ಬಂತು. ಮಧುಗಿರಿಯಲ್ಲಿ ಇಡ್ಲಿ ತಿಂದು ಪಾವಗಡದ ಬಸ್ಸು ಹಿಡಿದೆ. ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ ಯಾರೋ ಚೀಲ ಇಟ್ಟಿದ್ದರು. ನೋಡಿದ ಕೂಡಲೇ ನನ್ನ ತಪ್ಪು ನೆನಪಾಯಿತು.

ಎರಡು ತಿಂಗಳ ಹಿಂದೆ ಇದೇ ದಾರಿಯಲ್ಲಿ ಅಕ್ಕನ ಮನೆಗೆ ಜೀವಾಣು ಗೊಬ್ಬರದ ಪೊಟ್ಟಣ ಒಯ್ದಿದ್ದೆ. ಕಡಲೆಕಾಯಿ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಅದರಲ್ಲಿದ್ದವು. ಇದಿದ್ದರೆ ಯೂರಿಯಾ ಬೇಡವೆಂದು ಭಾವನವರಿಗೆ ಉಪದೇಶವನ್ನೂ ಮಾಡಿದ್ದೆ. ಅವರೂ ನನ್ನ ಮಾತು ನಂಬಿ ಯೂರಿಯಾ ಬಿಟ್ಟಿದ್ದರು. ಆದರೆ ಅವತ್ತು ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲದೆ, ಆ ಪೊಟ್ಟಣವನ್ನು ಸುಡುವ ಬಾನೆಟ್ ಮೇಲೆ ಎರಡು ಗಂಟೆ ಇಟ್ಟಿದ್ದೆ. ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತವೆಂದು ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಪಾಠ ಹೇಳುವವಳು ನಾನು. ಊರಿಗೆ ಮರಳಿದ ಮೇಲೆ ಹೊಳೆಯಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಪಾವಗಡದಿಂದ ಆಟೋದಲ್ಲಿ ರಾಯಚರ್ಲು ತಲುಪಿದಾಗ ಬಿಸಿಲೇರಿತ್ತು. ರಸ್ತೆಯ ಎರಡೂ ಬದಿ ಸೋಲಾರ್ ಫಲಕಗಳು. ಅವುಗಳ ಅಂಚಿಗೆ ಭಾವನವರ ಎರಡೆಕರೆ, ಅದರ ತುಂಬ ಹಳದಿ ತಿರುಗಿದ ಕಡಲೆಕಾಯಿ ಗಿಡಗಳು.

"ಮಣ್ಣು ಸತ್ತೋಗೈತೆ ಕಣಮ್ಮ. ನಾಳೆ ಸೋಲಾರ್‌ನೋರಿಗೆ ಸೈನ್ ಹಾಕ್ಬುಡ್ತೀನಿ," ಎಂದರು ಭಾವ. ಅಕ್ಕನಿಗೆ ಹೊಲ ಕೊಡಲು ಸುತರಾಂ ಮನಸ್ಸಿಲ್ಲ. ಆದರೆ ಈ ಬೆಳೆ ನೋಡಿ ಅವಳ ಬಾಯಿ ಕಟ್ಟಿಹೋಗಿತ್ತು.

ಬದುವಿನ ಮೂಲೆಯಲ್ಲಿ ಮಾತ್ರ ಒಂದು ಮಂಚದಷ್ಟು ಜಾಗ ಕಡುಹಸಿರಾಗಿತ್ತು. ಬಿತ್ತುವ ಮುಂಚೆ ಅಲ್ಲಿದ್ದ ಗುಂಡಿ ಮುಚ್ಚಲು, ಹಿತ್ತಲಲ್ಲಿ ಅಲಸಂದೆ ಬೆಳೆದ ಮಣ್ಣನ್ನು ನಾಲ್ಕು ಮಂಕರಿ ಸುರಿದಿದ್ದಾಗಿ ಅಕ್ಕ ಹೇಳಿದಳು. ಅಲಸಂದೆಗೂ ಕಡಲೆಕಾಯಿಗೂ ಒಂದೇ ಬಗೆಯ ಬ್ಯಾಕ್ಟೀರಿಯಾ ಒಗ್ಗುತ್ತವೆ. ಎರಡೂ ಕಡೆಯ ಗಿಡ ಕಿತ್ತು, ಬೇರಿನ ಗಂಟುಗಳನ್ನು ಉಗುರಿನಿಂದ ಸೀಳಿದೆ. ಹಳದಿ ಗಿಡದಲ್ಲಿ ಎರಡು ಮೂರೇ ಗಂಟು, ಒಳಗೆಲ್ಲ ಬಿಳಿಚು. ಹಸಿರು ಗಿಡದ ಗಂಟಿನ ಕೆಂಪು ನನ್ನ ಉಗುರಿಗೆ ಹತ್ತಿತು. ಒಳಗೆ ಬ್ಯಾಕ್ಟೀರಿಯಾ ದುಡಿಯುತ್ತಿವೆ ಎನ್ನಲು ಆ ಬಣ್ಣವೇ ಗುರುತು.

ಇನ್ನು ಸುಮ್ಮನಿರಲಾಗಲಿಲ್ಲ. ಬಾನೆಟ್ಟಿನ ಕಥೆಯನ್ನೆಲ್ಲ ಒಪ್ಪಿಸಿದೆ. ಭಾವ ಸೀಳಿದ ಗಂಟನ್ನೂ ನನ್ನ ಉಗುರನ್ನೂ ನೋಡಿದರು. "ಮಕ್ಕಳಿಗೂ ಇಂಗೇನಾ ಹೇಳ್ಕೊಡೋದು?" ಎಂದು ಕೇಳಿದರು. ನನಗೆ ಭೂಮಿಗಿಳಿದು ಹೋಗುವಂತಾಯಿತು.

ಊಟ ಮುಗಿಸಿ ನಾಲ್ಕಕ್ಕೆ ಹೊರಟೆ. ಆಟೋ ಹತ್ತುವಾಗ ಭಾವ ಅಂಗಳದಲ್ಲಿ ಫೋನು ಹಿಡಿದಿದ್ದರು.

"ನಾಳೆ ಬರ್ಬೇಡಿ ಸಾರ್. ತಪ್ಪು ಮಣ್ಣಿಂದಲ್ಲ, ನಮ್ಮ ನಾದಿನೀದು."

ಬೈಸಿಕೊಂಡು ಇಷ್ಟು ಹಗುರಾಗಿ ನಾನೆಂದೂ ಆ ಊರು ಬಿಟ್ಟಿರಲಿಲ್ಲ. ತಿರುಗಿ ನೋಡಿದೆ. ಅಕ್ಕ ಆಗಲೇ ಮಂಕರಿ ಹಿಡಿದು ಹಿತ್ತಲಿಗೆ ಹೊರಟಿದ್ದಳು.