ಖಾಲಿ ಜಾಗ ಕಾಯುವ ಪುಟ್ಟಲಕ್ಷ್ಮಿ

ಬೆಳಗಿನ ಆರು ಗಂಟೆ. ಮಾರೇನಹಳ್ಳಿಯ ರಕ್ತಪರೀಕ್ಷಾ ಲ್ಯಾಬಿನ ಮುಂದೆ ತಿಂಡಿ ತಿನ್ನದೆ ಬಂದವರ ಸಾಲು ಆಗಲೇ ಬೀದಿಗೆ ಇಳಿದಿದೆ. ಒಳಗೆ ಪುಟ್ಟಲಕ್ಷ್ಮಿ ಒಂದು ರಿಪೋರ್ಟಿಗೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದು ಮೇಜಿಗೆ ಕುಕ್ಕುತ್ತಾರೆ. "ಥೂ! ಇದೊಂದು ಕೆಲಸಾನಾ?"

ಐವತ್ತೊಂದರ ಪುಟ್ಟಲಕ್ಷ್ಮಿ ಈ ಲ್ಯಾಬಿನ ಪ್ರೋಗ್ರಾಮರ್. ರಕ್ತ ಪರೀಕ್ಷಿಸುವ ಯಂತ್ರ ಒಬ್ಬೊಬ್ಬರ ಫಲಿತಾಂಶವನ್ನೂ ಒಂದೇ ಉದ್ದ ಸಾಲಾಗಿ, ನಡುನಡುವೆ ಕಾಮಾ ಹಾಕಿ ಕಳಿಸುತ್ತದೆ. ಅದನ್ನು ಕಾಮಾ ಇದ್ದಲ್ಲಿ ಕತ್ತರಿಸಿ, ಹದಿನಾಲ್ಕು ತುಂಡು ಮಾಡಿ, ಒಂದೊಂದನ್ನೂ ಸಕ್ಕರೆ, ಕೊಲೆಸ್ಟ್ರಾಲ್ ಎಂದು ಅದರದರ ಹೆಸರಿನ ಮುಂದೆ ಕೂರಿಸಬೇಕು. ದಿನಕ್ಕೆ ಇನ್ನೂರು ಸಾಲು. ಇಷ್ಟೇನಾ ಎಂದು ಮೂಗು ಮುರಿಯುವವರು ದಯವಿಟ್ಟು ಮುಂದೆ ಓದಿ.

ಹತ್ತೊಂಬತ್ತು ವರ್ಷದ ಹಿಂದೆ ಈ ಕೆಲಸ ಮಾಡುವ ಪ್ರೋಗ್ರಾಂ ಅನ್ನು ಅವರು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದರು. ಅಲ್ಲಿ ಕತ್ತರಿಸಲು ಸಿದ್ಧವಾಗಿ ಸಿಗುವ 'ಸ್ಟ್ರ್‌ಟಾಕ್'ಗೆ ಒಂದು ಕೆಟ್ಟ ಚಾಳಿ. ಯಾವುದೋ ಪರೀಕ್ಷೆ ಆಗದೆ ಎರಡು ಕಾಮಾ ಪಕ್ಕಪಕ್ಕ ಬಂದರೆ ನಡುವಿನ ಖಾಲಿ ಜಾಗವನ್ನೇ ನುಂಗಿಬಿಡುತ್ತದೆ, ಅದರ ನಂತರದ ಸಂಖ್ಯೆಗಳೆಲ್ಲ ಒಂದೊಂದು ಮನೆ ಸರಿದು ಬೇರೆ ಹೆಸರಿನ ಮುಂದೆ ಕೂರುತ್ತವೆ. ಪುಟ್ಟಲಕ್ಷ್ಮಿ ಅದರ ಸಹವಾಸ ಬಿಟ್ಟು, ಒಂದೊಂದೇ ಅಕ್ಷರ ನೋಡಿ ಕತ್ತರಿಸುವುದನ್ನು ತಾವೇ ಬರೆದರು. ಮೂರು ತಿಂಗಳು ಹಿಡಿಯಿತು. ಊಟ ಆಯಿತಾ ಎಂದೂ ಯಾರೂ ಕೇಳಲಿಲ್ಲ.

ಈಗ ಮ್ಯಾನೇಜರ್ ಭರಮಪ್ಪ ಹೊರಗಿನವರಿಂದ ಇನ್ನೊಂದು ಭಾಷೆಯಾದ ಪೈಥಾನ್‌ನಲ್ಲಿ ಹೊಸದು ಬರೆಸಿದ್ದಾರೆ. "ಪೈಥಾನ್ ಒಳ್ಳೇದೇ ಸಾರ್. ಕಾಮಾ ಕೊಟ್ಟು ಸ್ಪ್ಲಿಟ್ ಅಂದ್ರೆ ಸಾಕು, ಖಾಲಿ ಜಾಗಾನೂ ಹಾಗೇ ಉಳಿಸುತ್ತೆ. ಈ ಪುಣ್ಯಾತ್ಮರು ಖಾಲಿ ಇರೋದೆಲ್ಲ ಕಸ ಅಂತ ಗುಡಿಸಿ ಹಾಕಿದಾರೆ!" ಎಂದು ಪುಟ್ಟಲಕ್ಷ್ಮಿ ನನ್ನ ಮುಂದೆ ಸಿಡುಕುತ್ತಾರೆ.

ಮೇಜಿನ ಮೇಲಿನ ರಿಪೋರ್ಟು ಸುಂಕದಕಟ್ಟೆಯ ಬೋರಮ್ಮನದು. ನಿನ್ನೆ ಸಕ್ಕರೆ ಪರೀಕ್ಷೆಗೆ ರಕ್ತ ಸಾಲದೆ ಯಂತ್ರ ಆ ಜಾಗ ಖಾಲಿ ಬಿಟ್ಟಿತ್ತು. ಪ್ರಯೋಗಕ್ಕೆಂದು ಓಡಿಸಿದ ಹೊಸ ಪ್ರೋಗ್ರಾಂ ಕೊಲೆಸ್ಟ್ರಾಲಿನ ೨೬೦ನ್ನು ತಂದು ಸಕ್ಕರೆಯ ಮುಂದೆ ಕೂರಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇದನ್ನು ನಂಬಿ ಡಾಕ್ಟರು ಮಾತ್ರೆ ಬರೆದಿದ್ದರೆ? ಭರಮಪ್ಪನವರ ಉತ್ತರ ಕೇಳಿ: "ಇನ್ನೂರರಲ್ಲಿ ಒಂದು ತಾನೆ ಮೇಡಂ? ಅಡ್ಜಸ್ಟ್ ಮಾಡ್ಕೊಳ್ಳಿ. ಎಲ್ಲಾ ಸರಿ ಇದೆ ಅಂತ ಸೈನ್ ಹಾಕಿ, ಸೋಮವಾರ ಶುರು ಮಾಡ್ಬೇಕು."

ಪುಟ್ಟಲಕ್ಷ್ಮಿ ಸೈನ್ ಹಾಕಿಲ್ಲ. ಕೆಲಸ ಹೋದರೂ ಹಾಕುವುದಿಲ್ಲವಂತೆ.

ಸಕ್ಕರೆ ಪರೀಕ್ಷೆಗೆ ಮತ್ತೆ ರಕ್ತ ಕೊಡಲು ಲ್ಯಾಬಿನವರು ಕರೆಸಿದ ಬೋರಮ್ಮ ಕೌಂಟರಿಗೆ ಬಂದವರೇ ಜಗಳಕ್ಕೆ ನಿಲ್ಲುತ್ತಾರೆ. "ನಿನ್ನೆ ತಾನೆ ಎಳ್ಕೊಂಡ್ರಿ! ನಾನೇನು ಬೀದಿ ನಲ್ಲೀನಾ? ಮಾಡಕ್ಕೆ ಬೇರೆ ಕ್ಯಾಮೆ ಇಲ್ವಾ ನಿಮ್ಗೆ?"

ಪುಟ್ಟಲಕ್ಷ್ಮಿ ಅವರನ್ನು ಕುರ್ಚಿಗೆ ಕೂರಿಸಿ ಬರುತ್ತಾರೆ. "ಬೈಲಿ ಬಿಡಿ ಸಾರ್," ಎನ್ನುತ್ತಾರೆ. "ಬೈಯೋಷ್ಟು ಗಟ್ಟಿಯಾಗಿದಾರಲ್ಲ, ನನಗೆ ಅಷ್ಟು ಸಾಕು."