ಬರಿಗೈಯ ಚರಣ

ಅಟ್ಟ ಖಾಲಿ ಮಾಡಿಸುವಾಗ ಹಳೆಯ ಟ್ರಂಕೊಂದರಿಂದ ವಿಡಿಯೊ ಕ್ಯಾಸೆಟ್ ಒಂದು ಕೈಗೆ ಬಂತು. ಡಬ್ಬಿ ತೆಗೆದರೆ ನುಸಿಗುಳಿಗೆಯೂ ಹಳೇ ಪ್ಲಾಸ್ಟಿಕ್ಕೂ ಬೆರೆತ ವಾಸನೆ. ಕಿಂಡಿಯೊಳಗೆ ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಹಿಡಿದಿತ್ತು. ಮೇಲಿನ ಚೀಟಿಯ ಮಸಿ ಹರಡಿಹೋಗಿ ಒಂದಕ್ಷರವೂ ಓದಲಾಗುತ್ತಿರಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ಅದರಲ್ಲಿದ್ದದ್ದು ಇಟಲಿಯ ಒಂದು ಹಳೆಯ ಆಪೆರಾ, ಅಂದರೆ ಮೊದಲಿನಿಂದ ಕೊನೆಯತನಕ ಹಾಡಿನಲ್ಲೇ ನಡೆಯುವ ನಾಟಕ. ಆದರೆ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಇಟಲಿಯಲ್ಲ, ನಾಟಕದಜ್ಜಿ...

ಎಂಬತ್ತರ ದಶಕದ ಮಾತು. ಶಂಕರಪುರದ ನಮ್ಮ ವಠಾರದ ಹಿಂದಿನ ಮನೆಯಲ್ಲಿ ಅಜ್ಜಿ ತಮ್ಮ ತಂಗಿಯ ಜೊತೆ ಇದ್ದರು. ಪ್ರಾಯದಲ್ಲಿ ಊರೂರು ಸುತ್ತುವ ನಾಟಕ ಕಂಪನಿಯೊಂದರಲ್ಲಿ ರಾಣಿಯ ಪಾತ್ರ ಮಾಡಿದವರು. ಬೀದಿಯವರೆಲ್ಲ ಬೆನ್ನ ಹಿಂದೆ ನಾಟಕದಜ್ಜಿ ಎನ್ನುತ್ತಿದ್ದರು, ಎದುರಿಗೆ ಬರೀ ಅಜ್ಜಿ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ಅವರ ದನಿ ಟೆಂಟಿನ ಕಡೆಯ ಬೆಂಚಿಗೆ ಮುಟ್ಟುವಂತಿರುತ್ತಿತ್ತು. ನಮ್ಮಮ್ಮ ಗೊಣಗಿಕೊಂಡು ಕಿಟಕಿ ಮುಚ್ಚುತ್ತಿದ್ದಳು. ನನಗಂತೂ ಆ ದನಿ ಕೇಳಿದರೆ ಖುಷಿ.

ನಾನಾಗ ಬ್ಯಾಂಕಿನಲ್ಲಿ ಗುಮಾಸ್ತೆ. ಸಂಜೆಯಾದರೆ ಬಸವನಗುಡಿಯ ಶಾಲೆಯೊಂದರಲ್ಲಿ ನಮ್ಮ ಹವ್ಯಾಸಿ ತಂಡದ ತಾಲೀಮು. ಪೌರಾಣಿಕವಿರಲಿ, ಸಾಮಾಜಿಕವಿರಲಿ, ನನಗೆ ದಾಸಿಯ ಪಾತ್ರ ಕಟ್ಟಿಟ್ಟ ಬುತ್ತಿ. ನಾಯಕಿಯ ಪಾತ್ರವೆಲ್ಲ ನನ್ನ ಗೆಳತಿಗೆ. ಅವಳು ಸಂಗೀತ ಕಲಿತವಳು, ನೋಡಲು ಲಕ್ಷಣವಾಗಿದ್ದಳು, ಹೊಟ್ಟೆಕಿಚ್ಚು ಪಡೋಣವೆಂದರೆ ಒಳ್ಳೆಯವಳೂ ಆಗಿದ್ದಳು.

ನಮ್ಮ ನಿರ್ದೇಶಕರು ಕಾಲೇಜಿನ ಮೇಷ್ಟ್ರು. ಗಡ್ಡ, ಜುಬ್ಬ, ಹೆಗಲಿಗೆ ಜೋಳಿಗೆ. ಕೆಲವು ತಿಂಗಳು ಯೂರೋಪಿನಲ್ಲಿ ನಾಟಕದ ತರಬೇತಿ ಪಡೆದು ಬಂದಿದ್ದರು, ಬಂದಮೇಲೆ ಗಡ್ಡ ಇನ್ನಷ್ಟು ಉದ್ದವಾಗಿತ್ತು. ಹಳೆಯ ಕಂಪನಿ ನಾಟಕವೊಂದನ್ನು ಹೊಸ ರೀತಿಯಲ್ಲಿ ಆಡಿಸಬೇಕೆಂಬ ಹುಚ್ಚು ಅವರಿಗೆ ಹತ್ತಿತು. ಹುಡುಕಿ ಹುಡುಕಿ ಚಾಮರಾಜಪೇಟೆಯ ಯಾರದೋ ಮನೆಯಿಂದ ಒಂದು ನಾಟಕದ ಪುಸ್ತಕ ತಂದರು. ರಾಜ ಅನುಮಾನಪಟ್ಟು ರಾಣಿಯನ್ನು ಸೆರೆಗೆ ಹಾಕುವ ಕಥೆ. ಸೆರೆಮನೆಯಲ್ಲಿ ರಾಣಿ ಕೈಬಳೆಗಳನ್ನು ಒಂದೊಂದಾಗಿ ತೆಗೆಯುತ್ತ ಹಾಡುವ ಹಾಡೇ ಆ ನಾಟಕದ ಜೀವ. ತವರಿನ ಬಳೆಗೆ ಒಂದು ಚರಣ, ಮದುವೆಯ ಬಳೆಗೆ ಒಂದು, ಸೀಮಂತದ ಬಳೆಗೆ ಒಂದು. ಎಲ್ಲ ತೆಗೆದಾದ ಮೇಲೆ ಬರಿಗೈಗೆ ಕೊನೆಯ ಚರಣ. ಪುಸ್ತಕದಲ್ಲಿ ಸಾಹಿತ್ಯವಿತ್ತು, ತಲೆಯ ಮೇಲೆ ರಾಗದ ಹೆಸರೂ ಇತ್ತು. ಅಷ್ಟರಿಂದ ಹಾಡು ಬರುವುದಿಲ್ಲ. ಅದರ ಮಟ್ಟು ಯಾರಿಗೂ ಗೊತ್ತಿರಲಿಲ್ಲ, ಆ ನಾಟಕದಲ್ಲಿ ರಾಣಿಯಾಗಿದ್ದ ನಮ್ಮ ಹಿಂದಿನ ಮನೆಯ ಅಜ್ಜಿಯೊಬ್ಬರನ್ನು ಬಿಟ್ಟರೆ.

ನಾನೇ ನಿರ್ದೇಶಕರನ್ನು ಕರೆದುಕೊಂಡು ಹೋದೆ. ಅಜ್ಜಿ ಚಾಪೆ ಹಾಸಿ, ಕಾಫಿ ಕೊಟ್ಟು, ಗೋಡೆಗೆ ಒರಗಿ ಕೂತರು.

"ರಾಣಿ ಏನುಟ್ಕೋತಾಳೆ?"

"ಸಾದಾ ಕೈಮಗ್ಗದ ಸೀರೆ, ಅಮ್ಮಾ."

"ಕಿರೀಟ?"

"ಕಿರೀಟ ಇಲ್ಲ."

"ಅರಮನೆ ಪರದೆ?"

"ಹಿಂದ್ಗಡೆ ಬರೀ ಕಪ್ಪು ಬಟ್ಟೆ."

ಅಜ್ಜಿ ನಿರ್ದೇಶಕರ ಲೋಟದ ಕಡೆ ನೋಡಿದರು. "ಮೇಷ್ಟ್ರೇ, ಕಾಫಿ ಕುಡೀರಿ, ಆರೋಗತ್ತೆ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ನಿರ್ದೇಶಕರು ಹೋದಮೇಲೆ ಅಜ್ಜಿ ನನ್ನನ್ನು ಕೂರಿಸಿಕೊಂಡು ನಿಜವಾದ ಕಾರಣ ಹೇಳಿದರು. "ಇವತ್ತು ಕಿರೀಟ ತೆಗೀತಾರೆ, ನಾಳೆ ಹಾಡಿಗೇ ಕತ್ತರಿ ಹಾಕ್ತಾರೆ. ನಂಗೆ ಒಂದ್ಸಲ ಆಗಿದೆ ಮಗು." ಹಿಂದೊಮ್ಮೆ ಗ್ರಾಮಫೋನ್ ಕಂಪನಿಯವರು ಈ ಹಾಡನ್ನು ಪ್ಲೇಟಿಗೆ ಹಾಡಿಸಿಕೊಂಡಿದ್ದರಂತೆ. ಪ್ಲೇಟಿನಲ್ಲಿ ಜಾಗ ಕಮ್ಮಿ, ಕೊನೆಯ ಚರಣ ಬಿಟ್ಟುಬಿಡಿ ಎಂದರಂತೆ. ಈಗ ಹುಡುಕಿದರೂ ಸಿಗದ ಆ ಪ್ಲೇಟು ಆಗ ಊರೂರಿಗೆ ಹೋಯಿತು. ಆಮೇಲೆ ಯಾವ ಊರಲ್ಲಿ ಹಾಡಿದರೂ ಸೀಮಂತದ ಬಳೆಗೇ ಜನ ಚಪ್ಪಾಳೆ ಹೊಡೆದು, ಹಾಡು ಮುಗಿಯಿತೆಂದು ಬೀಡಿ ಹಚ್ಚುತ್ತಿದ್ದರಂತೆ. ಬರಿಗೈಯ ಚರಣ ಹಾಡುವಾಗ ಟೆಂಟಿನ ತುಂಬ ಹೊಗೆ, ಮಾತು. "ಅವತ್ತೇ ಆಣೆ ಮಾಡ್ದೆ, ಇನ್ನು ಯಾವ ಮಿಷನ್ನಿಗೂ ಹಾಡಲ್ಲ ಅಂತ." ಇದನ್ನು ಮಾತ್ರ ಅವರು ಮೆಲ್ಲಗೆ ಹೇಳಿದರು.

ನಿರ್ದೇಶಕರಿಗೆ ತಿಳಿಸಿದೆ. ಅವರು ಗಡ್ಡ ನೀವಿಕೊಂಡು, ತಮ್ಮ ಪೆಟ್ಟಿಗೆಯಿಂದ ಈ ಕ್ಯಾಸೆಟ್ ತೆಗೆದು ಕೊಟ್ಟರು. ನೂರಾರು ವರ್ಷ ಯಾರೂ ಆಡದೆ ಮೂಲೆಗೆ ಬಿದ್ದಿದ್ದ ಆಪೆರಾ. ಯಾರೋ ಹಳೆಯ ಸ್ವರಲಿಪಿ ಬಿಡಿಸಿ, ಇಂದಿನ ಉಡುಪಿನಲ್ಲಿ ಆಡಿ, ಕ್ಯಾಮೆರಾದಲ್ಲಿ ಹಿಡಿದಿದ್ದರು. "ಬಟ್ಟೆ ಹೊಸದು, ಹಾಡು ಮಾತ್ರ ಇದ್ದ ಹಾಗೇ ಇದೆ. ಅವರಿಗೆ ಬರೆದಿಟ್ಟಿದ್ದು ಸಿಕ್ತು. ನಮಗೆ ನಿಮ್ಮಜ್ಜಿ ಒಬ್ರೇ ಇರೋದು. ತೋರ್ಸಿ ನೋಡಿ," ಎಂದರು.

ಒಂದು ಭಾನುವಾರ ಮಧ್ಯಾಹ್ನ ಗಾಂಧಿಬಜಾರಿನಿಂದ ವಿ.ಸಿ.ಆರ್. ಬಾಡಿಗೆಗೆ ತರಿಸಿದೆ. ಅಂಗಡಿಯವನು ಸ್ಕೂಟರಿನಲ್ಲಿ ತಂದು, ವೈರು ಸಿಕ್ಕಿಸಿ ಹೋದ. ಹೊಸ ಕನ್ನಡ ಸಿನಿಮಾ ಎಂದುಕೊಂಡು ವಠಾರವೇ ನಮ್ಮ ನಡುಮನೆಗೆ ಬಂದು ಕೂತಿತು. ತೆರೆಯ ಮೇಲೆ ಯಾರೋ ದಪ್ಪ ಹೆಂಗಸು ಮಳೆಕೋಟು ಹಾಕಿಕೊಂಡು ಹಾಡತೊಡಗಿದಾಗ ಒಬ್ಬೊಬ್ಬರಾಗಿ ಎದ್ದು ಹೋದರು. ಕೊನೆಗೆ ಉಳಿದವರು ಅಜ್ಜಿ, ನಾನು ಮತ್ತು ನನ್ನ ಗೆಳತಿ.

"ಯಾರೇ ಇವಳು?"

"ರಾಣಿ, ಅಜ್ಜಿ."

"ರಾಣೀನಾ! ಮಾರ್ಕೆಟ್ಟಿಗೆ ಹೊರಟ ಹಾಗಿದ್ದಾಳೆ."

ಸಿಂಹಾಸನದ ಜಾಗದಲ್ಲಿ ನಮ್ಮ ಬ್ಯಾಂಕಿನಲ್ಲಿರುವಂಥ ತಿರುಗುವ ಕುರ್ಚಿ. ಸೈನಿಕರಿಗೆ ಟೈ. ಸೆರೆಮನೆಯೆಂದರೆ ಆಸ್ಪತ್ರೆಯ ವಾರ್ಡು, ಸಾಲಾಗಿ ಕಬ್ಬಿಣದ ಮಂಚ. ಅಜ್ಜಿ ಒಂದೊಂದಕ್ಕೂ ಟೀಕೆ ಮಾಡಿದರು, ನಾವು ಬಿದ್ದು ಬಿದ್ದು ನಕ್ಕೆವು. ಕೊನೆಯಲ್ಲಿ ರಾಣಿಗೆ ಬುದ್ಧಿ ಭ್ರಮಣೆಯಾಗುತ್ತದೆ. ಅವಳು ಮಂಚದಿಂದ ಮಂಚಕ್ಕೆ ನಡೆಯುತ್ತ ಹಾಡತೊಡಗಿದಳು. ಅಜ್ಜಿಯ ಟೀಕೆ ನಿಂತಿತು. ಅವರು ಟಿ.ವಿ.ಯ ಹತ್ತಿರಕ್ಕೆ ಸರಿದು ಕೂತರು.

"ಉಸಿರು ಎಲ್ಲಿ ತಗೊಂಡ್ಲು, ನೋಡಿದ್ರಾ?"

ನಾವು ನೋಡಿರಲಿಲ್ಲ.

"ಅದೇ ಸಾಲು ಮತ್ತೆ ಬಂತು ನೋಡು. ಈ ಸಲ ಬೇರೆ ದಾರೀಲಿ ಬಂದ್ಲು. ನಮ್ಮೋಳೇ ಕಣೇ ಇವಳು!"

ಹಾಡು ಮೇಲೆ ಮೇಲೆ ಹೋಗಿ, ಒಂದು ಕಡೆ ನಿಂತು, ರಾಣಿ ಬಿದ್ದು ಸತ್ತಳು. ಅಲ್ಲಿಯ ಸಭೆ ಚಪ್ಪಾಳೆ ಹೊಡೆಯಿತು. ನಮ್ಮ ನಡುಮನೆಯಲ್ಲಿ ಅಜ್ಜಿ ಎದ್ದು ನಿಂತು, ಕಡೆಯ ಬೆಂಚಿಗೆ ಮುಟ್ಟುವ ಆ ದನಿಯಲ್ಲಿ "ಒನ್ಸ್ ಮೋರ್!" ಎಂದು ಕೂಗಿದರು. ಅಡುಗೆಮನೆಯಿಂದ ಅಮ್ಮ ಗಾಬರಿಯಾಗಿ ಓಡಿಬಂದಳು.

ತೆರೆಯ ಮೇಲೆ ರಾಣಿ ಸತ್ತೇ ಬಿದ್ದಿದ್ದಳು. ಅಜ್ಜಿ ಕಾಯುತ್ತ ನಿಂತಿದ್ದರು. "ಏಳಲ್ವಾ ಅವಳು? ನಾನು ವಿಷ ಕುಡಿದು ಸತ್ತೋಳು, ಒನ್ಸ್ ಮೋರ್ ಅಂದ್ರೆ ಸೆರಗು ಸರಿ ಮಾಡ್ಕೊಂಡು ಎದ್ದು ಹಾಡಿ, ಮತ್ತೆ ಸಾಯ್ತಿದ್ದೆ." ಕಂಪನಿ ನಾಟಕದ ಮರ್ಯಾದೆಯೇ ಅದು, ಜನ ಕೇಳಿದರೆ ಸತ್ತವರೂ ಏಳಬೇಕು. ನಾನು ಟೇಪನ್ನು ಹಿಂದಕ್ಕೆ ತಿರುಗಿಸಿದೆ. ರಾಣಿ ಎದ್ದಳು, ಮತ್ತೆ ಹಾಡಿದಳು. ಅಜ್ಜಿ ಇನ್ನೂ ಒಂದು ಸಲ ಕೇಳಿದರು, ಅದೂ ಆಯಿತು.

ಆಮೇಲೆ, "ಬಟ್ಟೆ ಎಲ್ಲಾ ಕೆಡಿಸಿದ್ದಾರೆ. ಹಾಡು ಮಾತ್ರ ಮುಟ್ಟಿಲ್ಲ, ಅಲ್ವಾ?" ಎಂದು ಕೇಳಿದರು. ನಿರ್ದೇಶಕರೂ ಹಾಗೇ ಹೇಳಿದ್ದರು ಎಂದೆ. ಅಜ್ಜಿ ನನ್ನ ಗೆಳತಿಯ ಕಡೆ ತಿರುಗಿ ಅವಳ ಕೈ ಹಿಡಿದು ನೋಡಿದರು. "ಬಳೆ ಹಾಕ್ಕೊಂಡು ಬಾ ನಾಳೆ. ಬೋಳುಗೈಲಿ ಬಂದ್ರೆ ಹೇಳ್ಕೊಡಲ್ಲ." ಎರಡು ಮಾತು ಪಡೆದುಕೊಂಡರು: ಟೇಪ್ ರೆಕಾರ್ಡರ್ ತರಕೂಡದು, ಒಂದು ಸಾಲೂ ಬಿಡಕೂಡದು.

ಅವರ ಪಾಠದ ರೀತಿಯೇ ಬೇರೆ. ಶ್ರುತಿಪೆಟ್ಟಿಗೆಗಿಂತ ಮೊದಲು ಬಳೆ. "ಬಳೆ ತೆಗೆಯೋವಾಗ ಉಸಿರು ತಗೋ. ಜನ ಬಳೆ ನೋಡ್ತಾರೆ, ನಿನ್ನ ಉಸಿರು ನೋಡಲ್ಲ." ಒಂದೊಂದು ಚರಣದ ನಡುವೆ ಗೆಳತಿ ಬಳೆ ಸರಿಸಬೇಕು, ಆ ಸಣ್ಣ ಸದ್ದಿನಲ್ಲೇ ಉಸಿರೆಳೆಯಬೇಕು. ಕೊನೆಯ ಚರಣದಲ್ಲಿ ತೆಗೆಯಲು ಬಳೆಯೇ ಇಲ್ಲ, ಹಾಗಾಗಿ ಉಸಿರಿಗೆ ಜಾಗವೂ ಇಲ್ಲ. ಅವಳು ಮತ್ತೆ ಮತ್ತೆ ಅರ್ಧಕ್ಕೇ ನಿಲ್ಲುತ್ತಿದ್ದಳು. ಅಜ್ಜಿ ಬೈಯುತ್ತಿದ್ದರು, ತಲೆ ಸವರುತ್ತಿದ್ದರು, ಮತ್ತೆ ಬೈಯುತ್ತಿದ್ದರು. ಒಂದು ಸಂಜೆ ಅವಳು ತಡೆಯಿಲ್ಲದೆ ಕೊನೆಮುಟ್ಟಿದಾಗ ಅಜ್ಜಿ ಒಳಗೆ ಹೋಗಿ, ಮುಖ ತೊಳೆದುಕೊಂಡು ಬಂದರು.

ತಾಲೀಮಿನಲ್ಲಿ ನಿರ್ದೇಶಕರು ವರಸೆ ಬದಲಿಸಿದರು. ಹಾಡು ಉದ್ದವಾಯಿತು, ನಾಟಕ ಜೋತುಬೀಳುತ್ತದೆ, ಬರಿಗೈಯ ಚರಣ ಬಿಡೋಣ ಎಂದರು. ಅಜ್ಜಿ ಮೂಲೆಯ ಬೆಂಚಿನಲ್ಲಿ ಕೂತಿದ್ದರು. ಸಿಟ್ಟಾಗಲಿಲ್ಲ. ಅದು ಮೊದಲೇ ಗೊತ್ತಿದ್ದವರಂತೆ ಚೀಲ ಎತ್ತಿಕೊಂಡು ಎದ್ದರು.

"ಅಮ್ಮಾ, ಈಗಿನ ಜನ ಅಷ್ಟೊತ್ತು ಕೂರಲ್ಲ. ಅರ್ಥ ಮಾಡ್ಕೊಳ್ಳಿ," ಎಂದರು ನಿರ್ದೇಶಕರು.

ಉತ್ತರ ಕೊಟ್ಟದ್ದು ನನ್ನ ಗೆಳತಿ. ಯಾರಿಗೂ ಎದುರು ಮಾತಾಡದ ಹುಡುಗಿ. "ಸರ್, ನೀವು ಸಿಂಹಾಸನದ ಬದಲು ಸ್ಟೂಲ್ ಇಟ್ರಿ, ಕೂತ್ಕೊಂಡೆ. ಈ ಚರಣ ಬಿಟ್ರೆ ನಾನು ಹಾಡಲ್ಲ. ಬೇರೆಯವರ್ನ ನೋಡ್ಕೊಳ್ಳಿ." ನಾನೂ ದಾಸಿಯ ತಟ್ಟೆ ಕೆಳಗಿಟ್ಟೆ. ದಾಸಿ ಬಿಟ್ಟುಹೋದರೆ ಯಾವ ನಾಟಕವೂ ನಿಲ್ಲುವುದಿಲ್ಲ, ಆದರೂ ಇಟ್ಟೆ. ನಿರ್ದೇಶಕರು ಹೊರಗೆ ಹೋಗಿ ಒಂದು ಸಿಗರೇಟು ಸೇದಿ ಬಂದು, "ಸರಿ, ಪೂರ್ತಿ ಹಾಡಿ," ಎಂದರು. ಎರಡು ದಿನ ಮುಖ ಊದಿಸಿಕೊಂಡಿದ್ದರು. ಒಳ್ಳೆಯ ಮನುಷ್ಯ, ಆಮೇಲೆ ತಾವೇ ಅಜ್ಜಿಗೆ ಆಟೋ ಕಳಿಸತೊಡಗಿದರು.

ಪ್ರದರ್ಶನದ ದಿನ ಅಜ್ಜಿ ಪಕ್ಕದ ಪರದೆಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಗೆಳತಿ ಸಾದಾ ಸೀರೆಯಲ್ಲಿ, ಕಪ್ಪು ಬಟ್ಟೆಯ ಮುಂದೆ, ಸ್ಟೂಲಿನ ಮೇಲೆ ಕೂತು ಹಾಡಿದಳು. ತಟ್ಟೆ ಹಿಡಿದು ಅವಳ ಪಕ್ಕದಲ್ಲಿ ನಿಂತವಳು ನಾನು; ತೆಗೆದ ಬಳೆ ನನ್ನ ತಟ್ಟೆಗೆ ಬೀಳುತ್ತಿತ್ತು. ಕೊನೆಯ ಬಳೆಯೂ ಬಿತ್ತು. ಅವಳು ಬರಿಗೈ ಎತ್ತಿ ನೋಡಿಕೊಂಡು ಶುರು ಮಾಡಿದಳು... ಆ ದನಿ ಎಲ್ಲಿಯೂ ಮುರಿಯಲಿಲ್ಲ. ಒಬ್ಬರೂ ಕೆಮ್ಮಲಿಲ್ಲ. ನಾನು ಕಣ್ಣೀರು ಒರೆಸಿಕೊಳ್ಳಲೂ ಆಗದೆ ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ಮುಗಿದಾಗ ನಮ್ಮ ಸಭ್ಯ ಪ್ರೇಕ್ಷಕರ ಸಭ್ಯ ಚಪ್ಪಾಳೆ.

ಒಳಗೆ ಬಂದರೆ ಅಜ್ಜಿಯ ಮುಖ ಸಣ್ಣಗಾಗಿತ್ತು. "ಯಾಕೆ ಯಾರೂ ಒನ್ಸ್ ಮೋರ್ ಅನ್ಲಿಲ್ಲ? ಎಲ್ಲಿ ತಪ್ಪಾಯ್ತು?"

"ಈಗಿನ ನಾಟಕದಲ್ಲಿ ಹಾಗೆ ಕೂಗಲ್ಲ ಅಜ್ಜಿ. ಜನ ಅಳ್ತಿದ್ರು."

"ಕತ್ತಲಲ್ಲಿ ಅತ್ರೆ ಹಾಡಿದೋಳಿಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದರು. ಆಮೇಲೆ ಗೆಳತಿಯನ್ನು ಹತ್ತಿರ ಕರೆದು, ಅವಳ ಕಿವಿಯಲ್ಲಿ ತಾವೇ ಮೆಲ್ಲಗೆ ಆ ಎರಡು ಶಬ್ದ ಹೇಳಿದರು.

ಇನ್ನೂ ಕೆಲವು ಪ್ರದರ್ಶನಗಳಾದವು. ಅಜ್ಜಿ ಅದಾದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ನಿರ್ದೇಶಕರು ದೆಹಲಿಗೆ ಹೋದರು, ತಂಡ ಚದುರಿತು. ಗೆಳತಿ ಮದುವೆಯಾಗಿ, ಗಂಡನ ವರ್ಗಾವಣೆಯ ಹಿಂದೆ ಊರಿಂದೂರಿಗೆ ತಿರುಗಿದಳು; ಅವಳ ಹಾಡು ಕಮ್ಮಿಯಾಗಿ, ನಿಂತುಹೋಯಿತು. ಕೊಟ್ಟ ಮಾತಿನಂತೆ ನಾವು ಯಾರೂ ಆ ಹಾಡನ್ನು ರೆಕಾರ್ಡ್ ಮಾಡಿರಲಿಲ್ಲ.

ಕ್ಯಾಸೆಟ್ ಸಿಕ್ಕ ದಿನ ಫೋನಿನಲ್ಲಿ ಆ ಆಪೆರಾದ ಹೆಸರು ಹಾಕಿ ಹುಡುಕಿದೆ. ಒಂದಲ್ಲ, ಎಷ್ಟೊಂದು! ಒಂದರಲ್ಲಿ ರಾಣಿ ವಿಮಾನ ನಿಲ್ದಾಣದಲ್ಲಿ ಸಾಯುತ್ತಾಳೆ, ಇನ್ನೊಂದರಲ್ಲಿ ಮೀನಿನ ಮಾರ್ಕೆಟ್ಟಿನಲ್ಲಿ. ಹಾಡು ಎಲ್ಲದರಲ್ಲೂ ಹಾಗೇ ಇದೆ. ನನಗೆ ಸಂತೋಷವಾಗಬೇಕಿತ್ತು. ಸಂಕಟವಾಯಿತು, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು.

ಹೋದ ವಾರ ತ್ಯಾಗರಾಜನಗರದ ಗೆಳತಿಯ ಮನೆಗೆ ಹೋದೆ. ಅದೇ ಟ್ರಂಕಿನಲ್ಲಿ ಸಿಕ್ಕ ನಾಟಕದ ಪುಸ್ತಕವನ್ನೂ ತೆಗೆದುಕೊಂಡು ಹೋಗಿದ್ದೆ. ಮಂಡಿನೋವಿನಿಂದ ಅವಳು ಕುರ್ಚಿ ಬಿಟ್ಟು ಏಳುವುದು ಕಷ್ಟ. ಹಾಡು ಎಂದೆ. ನಕ್ಕಳು, ಬೇಡವೆಂದಳು, ಆಮೇಲೆ ಹಾಡಿದಳು. ದನಿ ಕೆಳಗಿಳಿದಿತ್ತು. ಆದರೂ ತವರಿನ ಬಳೆ ಬಂತು, ಮದುವೆಯ ಬಳೆ ಬಂತು, ಸೀಮಂತದ ಬಳೆಯೂ ಬಂತು. ಒಂದೊಂದನ್ನೂ ತೆಗೆದು ಟೀಪಾಯಿಯ ಮೇಲಿಟ್ಟಳು. ಬರಿಗೈ ಎತ್ತಿದಳು, ಬಾಯಿ ತೆರೆದಳು... ತಡಿ ಎಂದಳು. ಹಿಂದಿನ ಚರಣದಿಂದ ಮತ್ತೆ ಬಂದಳು. ಮತ್ತೆ ಅಲ್ಲೇ ನಿಂತಳು.

"ನೀನು ಪಕ್ಕದಲ್ಲೇ ನಿಂತಿದ್ಯಲ್ಲೇ. ನಿಂಗೆ ಬರಲ್ವಾ?"

ನಾನು ಏನೋ ಗುನುಗಿದೆ. ಅವಳು ತಲೆಯಾಡಿಸಿದಳು. "ಅದಲ್ಲ."

"ಅದಲ್ಲ ಅಂತ ನಂಗೂ ಗೊತ್ತು ಕಣೇ. ಏನು ಅಂತ ಗೊತ್ತಾಗ್ತಿಲ್ಲ."

ಮಧ್ಯಾಹ್ನವೆಲ್ಲ ಪ್ರಯತ್ನಪಟ್ಟೆವು. ಕೊನೆಗೆ ನಾನು ಪುಸ್ತಕ ತೆಗೆದು ಆ ಚರಣವನ್ನು ಗಟ್ಟಿಯಾಗಿ ಓದಿದೆ, ಪೇಪರು ಓದಿದ ಹಾಗೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಬಳೆಗಳನ್ನು ಒಂದೊಂದಾಗಿ ಕೈಗೆ ಹಾಕಿಕೊಳ್ಳುತ್ತ, "ಅಜ್ಜಿ ಇರ್ಬೇಕಿತ್ತು," ಎಂದಳು.