ಪೆಡಲಿನ ಮೇಲಿನ ಕಾಲು

ಹಾಡಿನ ರೆಕಾರ್ಡು ತಯಾರಿಸುವ ಕಾರ್ಖಾನೆಯಲ್ಲಿ ಅವನ ಕೆಲಸ ರೆಕಾರ್ಡು ಹಾಳುಮಾಡುವುದು. ಮಾರಾಟವಾಗದೆ ವಾಪಸು ಬಂದದ್ದನ್ನು ಯಂತ್ರದ ಕೆಳಗಿಟ್ಟು ಪೆಡಲು ತುಳಿದರೆ, ಕಾಗದದ ಚೀಟಿ ಅಂಟಿದ ನಡುಭಾಗ ಅಂಗೈಯಗಲದ ಬಿಲ್ಲೆಯಾಗಿ ಕಳಚಿ ಬೀಳುತ್ತಿತ್ತು. ಬಳೆಯಂತೆ ಉಳಿದ ಹೊರಭಾಗ, ಅರೆಯುವ ಯಂತ್ರದ ಬಾಯಿಗೆ. ಆ ಚೂರು ಕರಗಿ ಇನ್ಯಾರದೋ ಹಾಡಾಗುತ್ತಿತ್ತು. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದವನಿಗೆ ಚೂರಣ್ಣ ಎಂದೇ ಹೆಸರು ಅಂಟಿತು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ವಾಪಸು ಬರುತ್ತಿದ್ದವು ಹೆಚ್ಚಾಗಿ ಜಾಝ್, ಬ್ಲೂಸ್, ಸೋಲ್ ಎಂಬ ಪರದೇಶದ ಹಾಡುಗಳು. ಅವನಿಗೆ ಅವುಗಳ ಮಾತು ತಿಳಿಯದು, ಹುಚ್ಚು ಮಾತ್ರ ತಲೆಗೇರಿತ್ತು. ಊಟದ ಬಿಡುವಿನಲ್ಲಿ ರಾಶಿಯಿಂದ ಒಂದನ್ನು ಹೆಕ್ಕಿಕೊಂಡು ಪರೀಕ್ಷಾ ಕೋಣೆಗೆ ಓಡುತ್ತಿದ್ದ. ಅಲ್ಲಿ ಹೊಸ ರೆಕಾರ್ಡುಗಳ ದೋಷ ಹಿಡಿಯುತ್ತಿದ್ದ ಹೆಂಗಸನ್ನು ಎಲ್ಲರೂ ಕಿವಿಯಮ್ಮ ಅನ್ನುತ್ತಿದ್ದರು. ಅವಳು ರೆಕಾರ್ಡಿನ ಮೇಲೆ ಮುಳ್ಳು ಇಟ್ಟರೆ ಇವನ ಕೈಯ ತುತ್ತು ಕೈಯಲ್ಲೇ.

"ಈ ತುತ್ತೂರಿಯವನು ನೋಡಮ್ಮ, ಮಾತು ನುಂಗ್ಕೊಂಡೇ ಜಗಳ ಆಡ್ತಾನೆ."

"ಯಾರು ಅಂತ ಚೀಟೀಲಿದೆ ಅಣ್ಣ, ಓದ್ಲಾ?"

"ಬೇಡ. ಹೆಸರು ತಿಳಿದ್ರೆ ಆಮೇಲೆ ತುಳಿಯೋಕೆ ಕಾಲು ಬರಲ್ಲ."

ಮನೆಯಲ್ಲಿ ಗುನುಗಿದರೆ ಹೆಂಡತಿ ಬಿಡುತ್ತಿರಲಿಲ್ಲ. "ಹಲ್ಲುನೋವಿಗೂ ಒಂದು ರಾಗ ಬೇಕೇನ್ರೀ?"

ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಉಳಿದ ರಾಶಿಯನ್ನು ಹನ್ನೆರಡು ದಿನದಲ್ಲಿ ಮುಗಿಸಬೇಕು. ಮೊದಲ ದಿನದ ಮಧ್ಯಾಹ್ನವೇ ಅವನ ಕೈಗೆ ಒಂದು ರೆಕಾರ್ಡು ಸಿಕ್ಕಿತು. ಕಿವಿಯಮ್ಮ ಮುಳ್ಳು ಇಟ್ಟಳು. ಒಂದು ಪಿಯಾನೊ, ಒಬ್ಬ ಹೆಂಗಸಿನ ದನಿ, ಅಷ್ಟೇ. ದುಡಿದು ಬಂದು, ಬಾಗಿಲಿಗೆ ಬೀಗ ಕಂಡು, ಮೆಟ್ಟಿಲ ಮೇಲೆ ಕೂತು ತನ್ನಷ್ಟಕ್ಕೆ ಮಾತಾಡಿಕೊಂಡಂತಿತ್ತು. ಅತ್ತಿದ್ದರೆ ಕೇಳುವವನಿಗೆ ಹಗುರವಾಗುತ್ತಿತ್ತು, ಅವಳು ಅಳಲಿಲ್ಲ.

ಕಿವಿಯಮ್ಮ ಹಳೆಯ ದಾಖಲೆ ತಿರುವಿ ನೋಡಿದಳು. "ಐವತ್ತೇ ಮಾಡಿದ್ದು ಅಣ್ಣ. ಅಚ್ಚು ಕರಗಿಸಿ ಎಂಟು ವರ್ಷ ಆಯ್ತು. ನಲವತ್ತೊಂಬತ್ತು ವಾಪಸು ಬಂದು ಆಗ್ಲೇ ಪುಡಿಯಾಗಿವೆ. ಇದೊಂದೇ ಎಲ್ಲೋ ಉಳ್ಕೊಂಡಿತ್ತು."

"ಪುಡಿ ಮಾಡಿದ್ದು ನಾನಾ?"

"ಇನ್ಯಾರು ಮಾಡ್ತಾರೆ?"

"ಹೆಸರು ಓದಮ್ಮ" ಅಂದ. ಅವಳು ಓದಿ ಹೇಳಿದಳು. ಅವನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದ.

"ಇದನ್ನ ಹೊರಗೆ ಒಯ್ಯೋಕೆ ಮ್ಯಾನೇಜರ ಸಹಿ ಬೇಕು ಅಣ್ಣ. ಸಂಜೆಯೊಳಗೆ ನಾನು ತರ್ತೀನಿ. ಈ ಕೋಣೆ ಸಾಮಾನು ಇವತ್ತೇ ಎಣಿಸ್ತಾರೆ, ಇಲ್ಲಿಡೋ ಹಾಗಿಲ್ಲ. ನೀನೇ ಜೋಪಾನ ಮಾಡು."

ಯಾರ ಕಣ್ಣಿಗೂ ಬೀಳದಿರಲಿ ಎಂದು ಅವನು ಅದನ್ನು ತನ್ನ ಯಂತ್ರದ ಎಡಗಡೆಯ ಅಂದಿನ ರಾಶಿಯ ತಳದಲ್ಲಿ ಇಟ್ಟ. ಅಲ್ಲಿಗೆ ತಲುಪುವಷ್ಟರಲ್ಲಿ ಕೆಲಸ ಮುಗಿಯುವ ಗಂಟೆ ಹೊಡೆಯುತ್ತದೆ ಎಂಬುದು ಅವನ ಲೆಕ್ಕ. ಆದರೆ ಮೇಸ್ತ್ರಿ ನೆತ್ತಿಯ ಮೇಲೆ ನಿಂತಿದ್ದ. "ಬೇಗ ಬೇಗ, ಚೂರಣ್ಣ! ಮದುಮಗನ ನಡಿಗೆ ಸಾಕು!" ಕೈ ಚುರುಕಾಯಿತು. ಮನಸ್ಸು ಮಾತ್ರ ಆ ಮೆಟ್ಟಿಲ ಮೇಲೆಯೇ ಕೂತಿತ್ತು. ಅವಳ ಹಾಡನ್ನು ಗುನುಗುತ್ತ ಎತ್ತಿದ, ಇಟ್ಟ, ತುಳಿದ. ಎತ್ತಿದ, ಇಟ್ಟ, ತುಳಿದ. ಮುಂದಿನದಕ್ಕೆ ಎಡಗೈ ಚಾಚಿದಾಗ ಬರಿಯ ನೆಲ ಸಿಕ್ಕಿತು.

ಸಹಿಯಾದ ಕಾಗದ ಹಿಡಿದು ಕಿವಿಯಮ್ಮ ಬಂದಾಗ, ಅವನ ಒಂದು ಕೈಯಲ್ಲಿ ಆ ರೆಕಾರ್ಡಿನ ಬಳೆ, ಇನ್ನೊಂದರಲ್ಲಿ ಬಿಲ್ಲೆ. ಅವಳು ಬೈಯಲಿಲ್ಲ. ಇಬ್ಬರೂ ಸೇರಿ ಬಿಲ್ಲೆಯನ್ನು ನಡುವೆ ಕೂರಿಸಿ ಟೇಪು ಅಂಟಿಸಿ ಮುಳ್ಳು ಇಟ್ಟರು. ಬಿಲ್ಲೆ ಕೂದಲೆಳೆಯಷ್ಟು ಪಕ್ಕಕ್ಕೆ ಕೂತಿತ್ತೋ ಏನೋ, ದನಿ ಒಂದೊಂದು ಸುತ್ತಿಗೂ ಏರಿ ಇಳಿದು ತೂರಾಡಿತು. ಬಿಚ್ಚಿ ಮತ್ತೆ ಅಂಟಿಸಿದರು. ಇನ್ನಷ್ಟು ತೂರಾಡಿತು.

"ಪರವಾಗಿಲ್ಲ ಅಣ್ಣ, ಅವಳದ್ದೇ ಅಂತ ಗೊತ್ತಾಗುತ್ತೆ."

"ತೆಗಿಯಮ್ಮ. ಅವಳು ಹೀಗೆ ಹಾಡಿರ್ಲಿಲ್ಲ."

ಟೇಪು ಕಿತ್ತು, ಬಳೆಯನ್ನು ತಾನೇ ಅರೆಯುವ ಯಂತ್ರಕ್ಕೆ ಹಾಕಿದ.

ಮರುದಿನ ಕಿವಿಯಮ್ಮ ಬಾಗಿಲಲ್ಲಿ ನಿಂತು ಕರೆದಳು. "ಇವತ್ತೇನೂ ತರ್ಲಿಲ್ವಾ ಅಣ್ಣ?"

"ಇಲ್ಲಮ್ಮ. ಕೇಳಿದ್ರೆ ಉಳಿಸ್ಕೋಬೇಕು ಅನ್ಸುತ್ತೆ."

ಬಾಕಿ ಹನ್ನೊಂದು ದಿನ ಅವನು ಒಂದನ್ನೂ ಕೇಳದೆ ತುಳಿದ. ಕೊನೆಗೆ ರಾಶಿ ಮುಗಿಯಿತು.